ನಿಮಗಿದು ಗೊತ್ತೇ? ಹಾರನಹಳ್ಳಿಯಿಂದ ಹೊರಟರೆ ವಾರದೊಳಗೆ ಹೊಯ್ಸಳರೂ ಸಿಗುತ್ತಾರೆ, ಮಲೆನಾಡೂ ಸಿಗುತ್ತದೆ!

ಒಂದು ವಾರ ರಜೆ ಇದೆಯೇ? ಹಳೆಯ ರಾಜಧಾನಿಯೊಂದನ್ನು ನೋಡಬೇಕು, ಜೊತೆಗೆ ಬೆಟ್ಟ, ಕಣಿವೆ, ಮಂಜು ಎಲ್ಲವೂ ಬೇಕು ಎಂಬ ಆಸೆಯೇ? ಹಾಗಾದರೆ ನಕ್ಷೆ ಹರಡಿಕೊಂಡು ತಲೆ ಕೆರೆದುಕೊಳ್ಳಬೇಡಿ. ಸೀದಾ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯಿರಿ. ಪಕ್ಕದ ಹಾರನಹಳ್ಳಿಯಿಂದ ಶುರು ಮಾಡಿ. ಏಳು ದಿನ ಸಾಲದೆ ಹೋದರೆ ನಮ್ಮನ್ನು ಬೈಯಬೇಡಿ!

ಹಾರನಹಳ್ಳಿಯ ಹೆಸರನ್ನು ನೀವು ಈಗಾಗಲೇ ಕೇಳಿದ್ದೀರಿ. ಈ ಸಲ ಮಳೆ ಹೇಗೆ, ಸರ್ಕಾರ ಉಳಿಯುತ್ತದೆಯೇ ಎಂದು ಭವಿಷ್ಯ ಬರುತ್ತದಲ್ಲ ಟಿವಿಯಲ್ಲಿ, ಆ ಕೋಡಿಮಠ ಇರುವುದು ಇಲ್ಲೇ! ಆದರೆ ಈ ಊರಿನ ಭವಿಷ್ಯವಾಣಿಗಿಂತ ಭೂತಕಾಲ ಒಂದು ಕೈ ಮೇಲು. ನೋಡಿ.

ಸುಮಾರು 800 ವರ್ಷಗಳ ಹಿಂದೆ ಇಲ್ಲಿ ಮೂವರು ಸಿರಿವಂತ ಅಣ್ಣತಮ್ಮಂದಿರಿದ್ದರು. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ. ಮೂವರೂ ಸೇರಿ 1230ರ ದಶಕದಲ್ಲಿ ಒಂದು ಗುಡಿ ಕಟ್ಟಿಸಿದರು. ಒಂದರಿಂದ ತೃಪ್ತಿಯಾಗಲಿಲ್ಲ, ಇನ್ನೊಂದನ್ನೂ ಕಟ್ಟಿಸಿದರು! ಒಂದು ವಿಷ್ಣುವಿಗೆ, ಇನ್ನೊಂದು ಶಿವನಿಗೆ. ಎರಡಕ್ಕೂ ನಡುವೆ ಕೆಲವು ನೂರು ಮೀಟರ್ ದೂರ, ಅಷ್ಟೇ. ಆಸ್ತಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ಈ ಕಾಲದಲ್ಲಿ ನೆನೆಯಬೇಕಾದ ಮೂವರು!

ಆ ವಿಷ್ಣು ದೇವಾಲಯದೊಳಗೆ ಗರ್ಭಗುಡಿಗಳೂ ಮೂರು. ನರಸಿಂಹ, ಕೇಶವ, ವೇಣುಗೋಪಾಲ. ಹೀಗಾಗಿ ಒಬ್ಬರು ಇದನ್ನು ಲಕ್ಷ್ಮೀನರಸಿಂಹ ದೇವಾಲಯ ಎಂದರೆ, ಇನ್ನೊಬ್ಬರು ಚೆನ್ನಕೇಶವ ಎನ್ನುತ್ತಾರೆ. ದಾರಿ ಕೇಳುವಾಗ ಗಾಬರಿಯಾಗಬೇಡಿ, ಇಬ್ಬರೂ ತೋರಿಸುವುದು ಒಂದೇ ಗುಡಿಯನ್ನು! ಬೇಲೂರಿನ ನೂಕುನುಗ್ಗಲು ಇಲ್ಲಿಲ್ಲ. ಅಲ್ಲಿನ ಮದನಿಕೆ ಶಿಲ್ಪಗಳ ಮುಂದಿನಂತೆ ಸೆಲ್ಫಿಗೆ ಸಾಲು ನಿಲ್ಲುವವರೂ ಇಲ್ಲ. ಹೊಯ್ಸಳ ಶಿಲ್ಪದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅರಸೀಕೆರೆ ಪಟ್ಟಣವನ್ನು ಬರೀ ರೈಲು ಬದಲಾಯಿಸುವ ಜಾಗ ಎಂದುಕೊಂಡಿದ್ದೀರಾ? ಇಲ್ಲಿನ ಈಶ್ವರ ದೇವಾಲಯಕ್ಕೆ ಹೋಗಿ, ಊರವರು ಅದನ್ನು ಶಿವಾಲಯ ಎನ್ನುತ್ತಾರೆ. ಸುಮಾರು 1220ರ ಕಟ್ಟಡ. ಮುಂದಿನ ತೆರೆದ ಮಂಟಪದ ಆಕಾರ ಏನು ಗೊತ್ತೇ? ಚೌಕವಲ್ಲ, ದುಂಡೂ ಅಲ್ಲ. ಹದಿನಾರು ಮೂಲೆಗಳ ನಕ್ಷತ್ರ! ಅದರ ಮೇಲೊಂದು ಗುಮ್ಮಟ. ಒಳಗೆ ನಿಂತು ತಲೆ ಎತ್ತಿ ನೋಡಿ, ಕತ್ತು ನೋಯುವವರೆಗೂ ನೋಡಿ. ಈ ನಕ್ಷತ್ರವನ್ನು ನೆನಪಿಡಿ, ಮುಂದೆ ಘಟ್ಟದ ತುದಿಯಲ್ಲಿ ಇನ್ನೊಂದು ನಕ್ಷತ್ರ ಸಿಗಲಿದೆ!

ಅಂದ ಹಾಗೆ, ಈ ಸೀಮೆಯ ಮನೆಗಳ ಅಟ್ಟದ ಮೇಲೂ ಒಂದು ಅಚ್ಚರಿ ಇರುತ್ತದೆ. ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಗೊತ್ತೇ? ಬಲಿತ ತೆಂಗಿನಕಾಯಿಯನ್ನು ಒಡೆಯುವುದೇ ಇಲ್ಲ! ಇಡಿಯಾಗಿ ಅಟ್ಟಕ್ಕೆ ಏರಿಸುತ್ತಾರೆ. ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಸದ್ದು ಬರುತ್ತದೆ. ಆಗ ಸುಲಿದರೆ ಒಂದು ಗೀರೂ ಇಲ್ಲದ ಕೊಬ್ಬರಿ ಉಂಡೆ. ಪ್ರವಾಸದ ಚೀಲಕ್ಕೆ ಎರಡು ಹಾಕಿಕೊಳ್ಳಿ, ಜೊತೆಗೊಂದು ತುಂಡು ಬೆಲ್ಲ!

ಹಳೇಬೀಡಿನ ಕಡೆ ಹೊರಟರೆ ನಡುವೆ ಜಾವಗಲ್ ಬರುತ್ತದೆ. ಹೌದು, ಅದೇ ಜಾವಗಲ್! ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಕಿತ್ತ ವೇಗದ ಬೌಲರ್ ಶ್ರೀನಾಥ್ ಹೆಸರಿನ ಮುಂದೆ ಇರುವುದು ಈ ಊರೇ. ಅವರು ಹುಟ್ಟಿದ್ದು ಮೈಸೂರಿನಲ್ಲಿ. ಆದರೆ ಲಂಡನ್ನಿನಿಂದ ಮೆಲ್ಬರ್ನ್‌ವರೆಗೆ ಕಾಮೆಂಟರಿಯವರೆಲ್ಲ ತಡವರಿಸುತ್ತಾ ಉಚ್ಚರಿಸಿದ್ದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಹೆಸರನ್ನು! ಇಲ್ಲೂ ಒಂದು ಹೊಯ್ಸಳ ಲಕ್ಷ್ಮೀನರಸಿಂಹ ಗುಡಿ ಇದೆ. ಇಳಿದು ನೋಡಿ.

ಮುಂದೆ ಬೆಳವಾಡಿ. ಮಹಾಭಾರತದ ಏಕಚಕ್ರಪುರ ಇದೇ ಎನ್ನುತ್ತಾರೆ ಊರವರು. ಅಂದರೆ ಭೀಮ ಬಂಡಿ ಅನ್ನವನ್ನೂ ತಿಂದು, ಬಕಾಸುರನನ್ನೂ ಮುಗಿಸಿದ ಊರು! ನಂಬುವುದು ಬಿಡುವುದು ನಿಮಗೆ ಸೇರಿದ್ದು. ವೀರನಾರಾಯಣ ದೇವಾಲಯದ ಕಂಬಗಳನ್ನು ಮಾತ್ರ ನಂಬಲೇಬೇಕು. ಎಣ್ಣೆ ಹಚ್ಚಿದ ಹಾಗೆ ಫಳಫಳ ಹೊಳೆಯುತ್ತವೆ. ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದಿದ್ದಾರೆ. ಟನ್ನುಗಟ್ಟಲೆ ಕಲ್ಲನ್ನು, ಕರೆಂಟು ಇಲ್ಲದ ಕಾಲದಲ್ಲಿ!

ಈಗ ಹಳೇಬೀಡು. ಇಲ್ಲಿ ಒಂದು ಗಂಟೆಯ ಭೇಟಿ ಕೊಟ್ಟು ಬಸ್ಸು ಹತ್ತುವವರನ್ನು ಕಂಡರೆ ನಮಗೆ ಪಾಪ ಎನಿಸುತ್ತದೆ. ನೀವು ಎರಡು ಹಗಲು ಕೊಡಿ. ಒಂದು ಕಾಲಕ್ಕೆ ಇದು ದೋರಸಮುದ್ರ, ದಕ್ಷಿಣದ ದೊಡ್ಡ ರಾಜಧಾನಿಗಳಲ್ಲೊಂದು. 1311ರಲ್ಲಿ ಮಲಿಕ್ ಕಾಫೂರನ ಸೇನೆ ದೆಹಲಿಯಿಂದ ಇಷ್ಟು ದೂರ ನುಗ್ಗಿಬಂದದ್ದು ಈ ಊರಿನ ಸಿರಿಯ ವಾಸನೆ ಹಿಡಿದೇ!

ಹೊಯ್ಸಳೇಶ್ವರ ದೇವಾಲಯದ ಕೆಲಸ 1121ರ ಹೊತ್ತಿಗೆ ಶುರುವಾಯಿತು. ದಶಕಗಳ ಕಾಲ ಕೆತ್ತಿದರು. ಆದರೂ ಕೆಲಸ ಪೂರ್ತಿ ಮುಗಿಯಲಿಲ್ಲ! ಜಗತ್ತು ಬೆರಗಾಗಿ ನೋಡುವುದು ಒಂದು ಅರೆಬರೆ ಕಟ್ಟಡವನ್ನು. ಮುಗಿದಿದ್ದರೆ ಹೇಗಿರುತ್ತಿತ್ತೋ!

ಇದು ಒಂದು ಗುಡಿಯಲ್ಲ, ಜೋಡಿ ಗುಡಿ. ಒಂದು ರಾಜನ ಹೆಸರಿನ ಹೊಯ್ಸಳೇಶ್ವರ, ಇನ್ನೊಂದು ರಾಣಿಯ ಹೆಸರಿನ ಶಾಂತಲೇಶ್ವರ. ಎದುರಿಗೆ ಎರಡು ನಂದಿ. ಲೆಕ್ಕ ಸಮ!

ಗೋಡೆಯ ಬುಡದಲ್ಲಿ ಬಗ್ಗಿ ನೋಡಿ. ಸುತ್ತಲೂ ಆನೆಗಳ ಸಾಲು, ಸಾವಿರಕ್ಕೂ ಹೆಚ್ಚು! ಒಂದರಂತೆ ಇನ್ನೊಂದಿಲ್ಲ ಎಂದು ಗೈಡುಗಳು ಪಂಥ ಕಟ್ಟುತ್ತಾರೆ. ಮೇಲಿನ ಸಾಲಿನಲ್ಲೊಂದು ವಿಚಿತ್ರ ಪ್ರಾಣಿ ಇದೆ, ಮಕರ. ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಕಾಲು ಸಿಂಹದ್ದು, ಬಾಲ ನವಿಲಿನದು. ಮಕ್ಕಳನ್ನು ಕರೆದೊಯ್ದಿದ್ದರೆ ಇದರ ಮುಂದೆ ನಿಲ್ಲಿಸಿ, ಅರ್ಧ ಗಂಟೆ ನಿಮಗೆ ಬಿಡುವು! ಗೈಡು ಯಾವುದೋ ಶಿಲ್ಪ ತೋರಿಸಿ ‘ಇದು ರಾಕೆಟ್, ಇದು ದುರ್ಬೀನು’ ಎಂದರೆ ಮಾತ್ರ ನಕ್ಕು ಮುಂದೆ ನಡೆಯಿರಿ. ಇರುವ ಅಚ್ಚರಿಯೇ ಬೇಕಾದಷ್ಟಿದೆ, ಇಲ್ಲದ್ದನ್ನು ಸೇರಿಸುವ ಅಗತ್ಯವಿಲ್ಲ.

ಇಷ್ಟು ಸಣ್ಣ ಕೆತ್ತನೆ ಹೇಗಾಯಿತು? ಗುಟ್ಟು ಕಲ್ಲಿನಲ್ಲೇ ಇದೆ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿ!

ಹೊಯ್ಸಳೇಶ್ವರದ ಆವರಣದಲ್ಲಿ ಬಹುತೇಕರು ದಾಟಿಹೋಗುವ ಒಂದು ಕಂಬವಿದೆ. ದಯವಿಟ್ಟು ದಾಟಬೇಡಿ. ಅದು ಗರುಡಗಂಬ. ಅದರ ಮೇಲೆ ಮನುಷ್ಯರ ಸಣ್ಣ ಸಣ್ಣ ಮೂರ್ತಿಗಳಿವೆ. ಹತ್ತಿರ ಹೋಗಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಅವರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ!

ಯಾರಿವರು? ಇವರಿಗೆ ಗರುಡರು ಎಂದು ಹೆಸರು. ರಾಜನ ಅಂಗರಕ್ಷಕರು. ಬದುಕಿರುವಾಗ ರಾಜನ ಬೆನ್ನಿಗಿದ್ದು, ರಾಜ ಸತ್ತರೆ ತಾವೂ ಸಾಯುತ್ತೇವೆ ಎಂದು ಭಾಷೆ ಕೊಟ್ಟವರು. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಆ ಭಾಷೆ ಉಳಿಸಿಕೊಂಡ. ಒಬ್ಬನೇ ಅಲ್ಲ, ಹೆಂಡತಿ ಮತ್ತು ತನ್ನ ಪಡೆಯವರ ಜೊತೆಗೆ! ಕಂಬ ನಿಂತಿರುವುದು ಅವರ ನೆನಪಿಗೆ. ಸುಂದರಿಯರ, ದೇವರ, ಆನೆಗಳ ನಡುವೆ ಇಂಥದ್ದೊಂದು ಕಥೆ ಬಿಸಿಲಿನಲ್ಲಿ ಸುಮ್ಮನೆ ನಿಂತಿದೆ, ಮತ್ತು ನಾವು ಅದರ ಪಕ್ಕದಲ್ಲಿ ಎಳನೀರು ಕುಡಿಯುತ್ತಾ ಹಾದುಹೋಗುತ್ತೇವೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಜೈನ ಬಸದಿಗಳು. ಪಾರ್ಶ್ವನಾಥ ಬಸದಿಯೊಳಗೆ 18 ಅಡಿ ಎತ್ತರದ ಪಾರ್ಶ್ವನಾಥ! ಕನ್ನಡಿ ತರಲು ಮರೆತಿದ್ದರೆ ಚಿಂತೆ ಬೇಡ, ಇಲ್ಲಿನ ಕಂಬಗಳ ನುಣುಪಿನಲ್ಲೇ ನಿಮ್ಮ ಮುಖ ಕಾಣುತ್ತದೆ.

ಹಳೇಬೀಡಿನ ಹತ್ತಿರದ ಹುಲಿಕೆರೆಯ ಕಲ್ಯಾಣಿಗೂ ಒಂದು ಸುತ್ತು ಹಾಕಿ. ನೀರಿನ ಸುತ್ತ ಮೆಟ್ಟಿಲುಗಳ ನಡುನಡುವೆ ಪುಟಾಣಿ ಗುಡಿಗಳು. ಅವು 27 ನಕ್ಷತ್ರಗಳ ಲೆಕ್ಕಕ್ಕೆ ಎನ್ನುತ್ತಾರೆ. ನಿಮ್ಮ ಜನ್ಮನಕ್ಷತ್ರದ ಗುಡಿ ಯಾವುದೋ ಹುಡುಕಿಕೊಳ್ಳಿ!

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್. ಎರಡು ಊರೂ, ಜೊತೆಗೆ ಸೋಮನಾಥಪುರವೂ, 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತೀರ್ಮಾನವಾದದ್ದು ಎಲ್ಲಿ ಗೊತ್ತೇ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ! ಅದು ಭಾರತದ 42ನೇ ತಾಣ. ಈ 42ನ್ನು ಸ್ವಲ್ಪ ಗಮನಿಸಿ. ಬೇಲೂರಿನ ಮದನಿಕೆಯರು ಎಷ್ಟು? ಹೊರಗೆ 38, ಒಳಗೆ 4, ಒಟ್ಟು 42! ಅಂಗಳದಲ್ಲಿ ನಿಂತಿರುವ ದೀಪಸ್ತಂಭದ ಎತ್ತರ? ಸುಮಾರು 42 ಅಡಿ! ಕಾಕತಾಳೀಯವೇ ಇರಬಹುದು, ಆದರೂ ಮಜಾ ಅಲ್ಲವೇ?

ಆ ದೀಪಸ್ತಂಭಕ್ಕೆ ತಳಪಾಯವೇ ಇಲ್ಲ! ಕಟ್ಟೆಯ ಮೇಲೆ ಸುಮ್ಮನೆ ಇಟ್ಟಿದ್ದಾರೆ. ತನ್ನ ಭಾರಕ್ಕೆ ತಾನೇ ನಿಂತಿದೆ. ಒಂದು ಕಡೆಯಿಂದ ಕಾಗದ ತೂರಿಸಬಹುದು ಎಂದು ಗೈಡುಗಳು ತೋರಿಸುತ್ತಾರೆ. ಅದರ ನೆರಳಿನಲ್ಲಿ ಕೂರುವ ಧೈರ್ಯ ನಿಮಗಿದೆಯೇ?

ದೇವಾಲಯದೊಳಗಿನ ನರಸಿಂಹ ಕಂಬ ಒಂದು ಕಾಲಕ್ಕೆ ತಿರುಗುತ್ತಿತ್ತಂತೆ! ಮೈತುಂಬ ಕೆತ್ತನೆಯಿರುವ ಆ ಕಂಬದಲ್ಲಿ ಅಂಗೈಯಗಲ ಜಾಗ ಮಾತ್ರ ಖಾಲಿ. ಇದಕ್ಕೆ ಸಮನಾಗಿ ಕೆತ್ತಬಲ್ಲವರು ಬಂದು ತುಂಬಲಿ ಎಂದು ಬಿಟ್ಟ ಸವಾಲು ಎನ್ನುತ್ತದೆ ಜನರ ಮಾತು. ಇನ್ನೂ ಖಾಲಿಯೇ ಇದೆ!

ಹೊರಗಿನ ಮದನಿಕೆಯರನ್ನು ನೋಡುವಾಗ ಮುಖವನ್ನಷ್ಟೇ ನೋಡಬೇಡಿ. ಒಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರವನ್ನು ಹುಡುಕಿ. ಅಲ್ಲೊಂದು ಹಲ್ಲಿ, ನೊಣಕ್ಕೆ ಹೊಂಚು ಹಾಕಿದೆ. ಒಂಬೈನೂರು ವರ್ಷವಾಯಿತು, ನೊಣ ಇನ್ನೂ ಸಿಕ್ಕಿಲ್ಲ!

ಬೇಲೂರು ಎಂದರೆ ದಂತಕಥೆಯ ಶಿಲ್ಪಿ ಜಕಣಾಚಾರಿ, ಅವನ ಮಗ ಡಂಕಣಾಚಾರಿ, ಕಲ್ಲಿನ ಹೊಟ್ಟೆಯ ಕಪ್ಪೆ. ಕಥೆ ನಮಗೆಲ್ಲ ಬಾಯಿಪಾಠ. ಆದರೆ ಬೇಲೂರಿನ ಕಲ್ಲಿನ ಮೇಲೆ ಜಕಣನ ಸಹಿ ಇಲ್ಲ. ಮತ್ತೆ ಯಾರದ್ದಿದೆ? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ! ಕಥೆಯಲ್ಲೂ ಅಪ್ಪ ಮಗ, ಕಲ್ಲಿನ ಮೇಲೂ ಅಪ್ಪ ಮಗ!

ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಕ್ಕಿಂತ ಹಳೆಯ ಹೊಯ್ಸಳ ಗುಡಿ ನೋಡಬೇಕೇ? ಹಾಸನದ ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ತಿರುಗಿ. ಕುಲ್ಲಹಣ ರಾಹುತ ಎಂಬ ವರ್ತಕ, ಹೆಂಡತಿ ಸಹಜಾದೇವಿಯ ಜೊತೆಗೂಡಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ. ಗರ್ಭಗುಡಿಗಳು ನಾಲ್ಕು! ಕಾಳಿಯ ಗುಡಿಯ ಬಾಗಿಲು ಕಾಯುವವರು ಯಾರು ಗೊತ್ತೇ? ಎಲುಬು ಗೂಡಿನ ಎರಡು ಬೇತಾಳಗಳು! ಸಂಜೆಗತ್ತಲಲ್ಲಿ ಹೋಗಬೇಡಿ ಎಂದು ಹೇಳುವುದಿಲ್ಲ. ಹೋದರೆ ಜೊತೆಗೆ ಯಾರಾದರೂ ಇರಲಿ.

ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಸುಮಾರು ಕ್ರಿ.ಶ. 450ರ ಕಾಲದ, ಶಾಲೆಯಲ್ಲಿ ಕನ್ನಡದ ಮೊದಲ ಶಾಸನ ಎಂದು ಓದಿದೆವಲ್ಲ, ಅದು ಸಿಕ್ಕಿದ ಊರು. ಈಚೆಗೆ ತಾಳಗುಂದದ ಶಾಸನ ಇನ್ನೂ ಹಳೆಯದೆಂಬ ವಾದ ಬಂದಿದೆ, ಇರಲಿ. ನೀವು ಊರಿಗೆ ಹೋಗಿ ಮೂಲ ಕಲ್ಲು ಹುಡುಕಿದರೆ ಸಿಗುವುದಿಲ್ಲ, ಅದು ಈಗ ಊರಿನಲ್ಲಿಲ್ಲ! ಹಳ್ಳಿಯಲ್ಲಿರುವುದು ಅದರ ಪ್ರತಿಕೃತಿ.

ಬೇಲೂರಿನಿಂದ ಪಡುವಣ ಮತ್ತು ಬಡಗಣ ದಿಕ್ಕಿಗೆ ಕಣ್ಣು ಹಾಯಿಸಿ. ನೀಲಿ ಬೆಟ್ಟಗಳ ಸಾಲು! ಇಲ್ಲಿಂದ ವಾರದ ಎರಡನೆಯ ಅರ್ಧ. ತಟ್ಟೆಯೂ ಬದಲಾಗುತ್ತದೆ. ಅರಸೀಕೆರೆ ಕಡೆ ರಾಗಿಮುದ್ದೆ ಕೊಟ್ಟವರು ಈಗ ಅಕ್ಕಿರೊಟ್ಟಿ, ಕಡುಬು ಕೊಡುತ್ತಾರೆ. ಮಳೆಯೂ ಬದಲಾಗುತ್ತದೆ. ಒಂದೇ ಹಾಸನ ಜಿಲ್ಲೆ, ಆದರೆ ಸಕಲೇಶಪುರದಲ್ಲಿ ಸುರಿಯುವ ಮಳೆ ಅರಸೀಕೆರೆಯ ಮೂರು ಪಟ್ಟು!

ಚಿಕ್ಕಮಗಳೂರಿನ ಮೇಲೆ ಮುಳ್ಳಯ್ಯನಗಿರಿ. 1,930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗವೇ ಇಲ್ಲ! ಪಕ್ಕದಲ್ಲೇ ಬಾಬಾಬುಡನ್‌ಗಿರಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅರಬ್ ನಾಡಿನಿಂದ ತಂದರೆನ್ನುವ ಕಾಫಿ ಬೀಜ ಬರೀ ಏಳು. ಈಗ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕರ್ನಾಟಕದ್ದೇ! ಇಲ್ಲೇ ಹನ್ನೆರಡು ವರ್ಷಕ್ಕೊಮ್ಮೆ ಕುರಿಂಜಿ ಅರಳಿ ಗುಡ್ಡಕ್ಕೆ ಗುಡ್ಡವೇ ನೀಲಿಯಾಗುತ್ತದೆ. ನಿಮ್ಮ ವಾರ ಆ ವರ್ಷದಲ್ಲಿ ಬಿದ್ದರೆ ಅದೃಷ್ಟ.

ಈ ಬೆಟ್ಟಸಾಲಿನ ನೀರಿನದು ತಮಾಷೆಯ ಸ್ವಭಾವ. ಇಲ್ಲಿ ಹುಟ್ಟುವ ಯಗಚಿ ಬೇಲೂರನ್ನು ಮುಟ್ಟಿ, ಹೇಮಾವತಿಗೆ ಸೇರಿ, ಕಾವೇರಿಯಾಗುತ್ತದೆ. ಇದೇ ಸಾಲಿನ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ವೇದಾವತಿ ಚಿತ್ರದುರ್ಗದ ಒಣಸೀಮೆಗೆ ಹೋಗಿ, ತುಂಗಭದ್ರೆಗೆ ಸೇರಿ, ಕೃಷ್ಣೆಯಾಗುತ್ತದೆ. ಆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ!

ಮಳೆಗಾಲ ಕಳೆಯುವ ಹೊತ್ತಿಗೆ ಹೋದರೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚನ್ನು ತಪ್ಪಿಸಬೇಡಿ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಪ್ರತಿ ಮಳೆಗಾಲದಲ್ಲೂ ಇದು ಅರ್ಧ ಮುಳುಗುತ್ತದೆ, ಬೇಸಿಗೆಗೆ ಎದ್ದು ನಿಲ್ಲುತ್ತದೆ! ಮುಳುಗಿದಾಗ ಚೆಂದವೋ ಎದ್ದಾಗ ಚೆಂದವೋ ಎಂದು ಕೇಳಿದರೆ, ನಮ್ಮ ಓಟು ಮುಳುಗಿದ್ದಕ್ಕೆ.

ಮೂಡಿಗೆರೆ ತಾಲ್ಲೂಕಿಗೆ ಹೋದಾಗ ಅಂಗಡಿ ಎಂಬ ಸಣ್ಣ ಊರನ್ನು ಕೇಳಿ. ಇಡೀ ವಾರ ನೀವು ನೋಡಿದ ಗುಡಿಗಳು ಯಾರ ಆಳ್ವಿಕೆಯಲ್ಲಿ ಎದ್ದವೋ, ಆ ಹೊಯ್ಸಳ ವಂಶ ಹೊರಟದ್ದು ಇಲ್ಲಿಂದಲೇ! ಆಗ ಇದು ಸೊಸೆವೂರು. ವಂಶದ ಮೂಲಪುರುಷ ಸಳ ಹುಲಿಯ ಮೇಲೆ ಬಿದ್ದ ಕಥೆ ನಡೆದದ್ದು ಇಲ್ಲಿನ ವಾಸಂತಿಕಾ ದೇವಿಯ ಗುಡಿಯ ಬಳಿ ಎನ್ನುತ್ತಾರೆ. ಸುತ್ತ ಕಾಡು, ಕಾಫಿ ತೋಟ. ಅಂದರೆ ಬಯಲುಸೀಮೆಯ ಅಂಚಿನಲ್ಲಿ ನಕ್ಷತ್ರದ ಮಂಟಪ ಕಟ್ಟಿದವರು ಮೂಲದಲ್ಲಿ ಅಪ್ಪಟ ಘಟ್ಟದ ಜನ! ಸಾಮ್ರಾಜ್ಯ ಕಟ್ಟಿದ ಮೇಲೂ ಅವರು ಬಿಡದೆ ಇಟ್ಟುಕೊಂಡ ಬಿರುದು ‘ಮಲೆಪರೊಳ್ ಗಂಡ’. ಮಲೆಯವರಲ್ಲೆಲ್ಲ ಗಂಡು ಎಂದು ಜಂಬ! ಚರಿತ್ರೆಗೊಂದು ಪ್ರವಾಸ, ಬೆಟ್ಟಕ್ಕೊಂದು ಪ್ರವಾಸ ಎಂದು ಬೇರೆ ಬೇರೆ ಟಿಕೆಟ್ ಮಾಡಿಸುವ ಅಗತ್ಯ ಇಲ್ಲಿಲ್ಲ.

ಈಗ ಮಾತು ಕೊಟ್ಟಿದ್ದ ಇನ್ನೊಂದು ನಕ್ಷತ್ರ. ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ಹೋದರೆ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಎಂಟು ಮೂಲೆ! ಫ್ರೆಂಚರ ಕೋಟೆಗಳ ಮಾದರಿ. ಅರಸೀಕೆರೆಯ ನಕ್ಷತ್ರ ದೇವರಿಗೆ, ಇದು ಫಿರಂಗಿಗೆ. ಹದಿನಾರು ಮೂಲೆಯಿಂದ ಎಂಟು ಮೂಲೆಗೆ ಇಳಿಯಲು ಹೆಚ್ಚುಕಮ್ಮಿ 570 ವರ್ಷ!

ರೈಲು ಹುಚ್ಚಿನವರಿಗೆ ಇನ್ನೊಂದು ಸುದ್ದಿ. ಅರಸೀಕೆರೆಯಿಂದ ಹಾಸನದ ಮೇಲೆ ಬಂದ ಹಳಿ ಸಕಲೇಶಪುರದ ಬಳಿಕ ಘಟ್ಟ ಇಳಿಯುತ್ತದಲ್ಲ, ಸುಬ್ರಹ್ಮಣ್ಯ ರೋಡ್ ಮುಟ್ಟುವಷ್ಟರಲ್ಲಿ 57 ಸುರಂಗ ದಾಟುತ್ತದೆ! ಮಕ್ಕಳು ಪ್ರತಿ ಸುರಂಗಕ್ಕೂ ‘ಹೋ’ ಎಂದು ಕೂಗುತ್ತಾರೆ. ಮೂವತ್ತನೆಯದಕ್ಕೆ ಗಂಟಲು ಕಟ್ಟುತ್ತದೆ, ಬಿಸಿನೀರು ಇಟ್ಟುಕೊಂಡಿರಿ. ಹಗಲಿನ ರೈಲನ್ನೇ ಹಿಡಿಯಿರಿ. ರಾತ್ರಿ ರೈಲಿಗೆ ಎಲ್ಲವೂ ಒಂದೇ ಸುರಂಗ!

ಕೊನೆಯ ದಿನ ಬಿಸಿಲೆ ಘಾಟಿಗೆ. ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ, ಪುಷ್ಪಗಿರಿಯ ಕಾಡು. ಕೆಳಗೆ ಆಳ ಕಣಿವೆ. ಮೋಡ ನಿಮ್ಮ ಕಾಲಿಗಿಂತ ಕೆಳಗೆ! ಆದರೆ ನಮ್ಮ ಲೆಕ್ಕದಲ್ಲಿ ಇಡೀ ವಾರದ ಬಹುಮಾನ ಆ ನೋಟಕ್ಕಲ್ಲ, ಅದೇ ಸೀಮೆಯ ಮಂಕನಹಳ್ಳಿಯ ಒಂದು ಸಣ್ಣ ಕಲ್ಲಿಗೆ.

ಜನ ಅದನ್ನು ರಿಡ್ಜ್ ಪಾಯಿಂಟ್ ಎನ್ನುತ್ತಾರೆ. ಕಲ್ಲಿನ ಒಂದು ಬದಿಗೆ ಅರಬ್ಬೀ ಸಮುದ್ರ ಎಂದು ಬರೆದಿದೆ, ಇನ್ನೊಂದು ಬದಿಗೆ ಬಂಗಾಳ ಕೊಲ್ಲಿ! ಈ ಕಡೆ ಬಿದ್ದ ಮಳೆ ಕುಮಾರಧಾರೆಗೆ, ಅಲ್ಲಿಂದ ನೇತ್ರಾವತಿಗೆ, ಅಲ್ಲಿಂದ ಮಂಗಳೂರಿನ ಕಡಲಿಗೆ. ಆ ಕಡೆ ಬಿದ್ದ ಮಳೆ ಹೇಮಾವತಿಗೆ, ಕಾವೇರಿಗೆ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ. ನಡುವೆ ಇರುವ ಅಂತರ ಒಂದು ಕಲ್ಲಿನ ದಪ್ಪ!

ಬಾಟಲಿಯಲ್ಲಿ ನೀರಿದ್ದರೆ ಕಲ್ಲಿನ ನೆತ್ತಿಯ ಮೇಲೆ ಸುರಿದು ನೋಡಿ. ಅರ್ಧ ಉಳ್ಳಾಲದ ದಿಕ್ಕಿಗೆ, ಅರ್ಧ ಪೂಂಪುಹಾರಿನ ದಿಕ್ಕಿಗೆ ಹೊರಟೇಬಿಟ್ಟಿತು! ಪೂರ್ತಿ ಸುರಿಯಬೇಡಿ ಮತ್ತೆ. ಬಿಸಿಲೆ ದಾರಿಯಲ್ಲಿ ಅಂಗಡಿ ಸಿಗುವುದು ಅಪರೂಪ!